ಜೀಪಿಗೆ ಕ್ಯಾರಿಯರ್ ಹಾಕಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೇಟೆಯ ಅಂಗಡಿಯಲ್ಲಿ ಇದರ ಹೆಸರು ರೂಫ್ ರ‍್ಯಾಕ್. ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕ್ಯಾರಿಯರ್ ಎಂದರೇ ಎಲ್ಲರಿಗೂ ಗೊತ್ತಾಗುವುದು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಾನು ಇಷ್ಟು ವರ್ಷಗಳಲ್ಲಿ ಮೂರು ಗಾಡಿಗೆ ನಾಲ್ಕು ಕ್ಯಾರಿಯರ್ ಹಾಕಿಸಿದವನು. ನಾಲ್ಕರಲ್ಲಿ ಎರಡು ತಪ್ಪಾದವು. ಆ ಎರಡರ ದೆಸೆಯಿಂದಲೇ ಈಗ ಭಾವಂದಿರು, ನೆರೆಕರೆಯವರು, ಅಡಿಕೆ ಅಂಗಡಿಯಲ್ಲಿ ಸಿಕ್ಕವರು ಎಲ್ಲ ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಯಿತು. ಅದಕ್ಕೆ ಇದು.

ಎಲ್ಲರೂ ಹಾಕಿಸುತ್ತಾರೆ. ನನಗೂ ಬೇಕಾ?

ಒಂದು ಚೀಟಿ ತೆಗೆದುಕೊಳ್ಳಿ. ಕಳೆದ ಆರು ತಿಂಗಳಲ್ಲಿ ಗಾಡಿಯ ಒಳಗೆ ಹಿಡಿಸದ ಸಾಮಾನು ಯಾವುದೆಲ್ಲ ಇತ್ತು, ಬರೆಯಿರಿ. ಏಣಿ, ಅಡಿಕೆ ಕೊಯ್ಯುವ ಉದ್ದದ ದೋಟಿ, ಪಿವಿಸಿ ಪೈಪು, ಮದುವೆ ಮನೆಗೆ ಕೊಂಡುಹೋದ ಖಾಲಿ ಕೊಪ್ಪರಿಗೆ, ಹೀಗೆ ನಾಲ್ಕೈದು ಬಂದರೆ ಬೇಕು. ಚೀಟಿ ಖಾಲಿ ಉಳಿದರೆ ಬೇಡ. ಚಂದಕ್ಕೆ ಹಾಕಿಸುವುದಾದರೂ ಹಾಕಿಸಿ, ಅದು ನಿಮ್ಮ ದುಡ್ಡು. ಆದರೆ ಹಗುರದ್ದು ಹಾಕಿಸಿ.

ಆ ಚೀಟಿಯನ್ನು ಬಿಸಾಡಬೇಡಿ. ಎಷ್ಟು ಉದ್ದದ ಕ್ಯಾರಿಯರ್, ಅಂಚು ಬೇಕೋ ಬೇಡವೋ, ಜಾಲರಿ ಬೇಕೋ ಬೇಡವೋ ಎಲ್ಲದಕ್ಕೂ ಉತ್ತರ ಅದರಲ್ಲೇ ಇದೆ. ನಾನು ಮೊದಲ ಸಲ ಮಾಡಿದ ತಪ್ಪು ಅದೇ. ಕ್ಯಾರಿಯರ್ ಮಾಡಿಸಿ ಆಮೇಲೆ ಸಾಮಾನು ಹುಡುಕಿದೆ.

ಟಾಪಿನ ಮೇಲೆ ಎಷ್ಟು ತೂಕ ಇಡಬಹುದು?

ಇದು ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಕೊನೆಗೆ ಕೇಳುವುದೂ ಇದನ್ನೇ.

ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ರೂಫ್ ಲೋಡ್ ಎಂದು ಒಂದು ಅಂಕಿ ಇದ್ದರೆ ಅದೇ ಕೊನೆಯ ಮಾತು. ಆ ಅಂಕಿಯಲ್ಲಿ ಕ್ಯಾರಿಯರಿನ ಸ್ವಂತ ತೂಕವೂ ಸೇರುತ್ತದೆ. ಜನ ಎಡವುವುದು ಇಲ್ಲಿ.

ಸುಜುಕಿ ಜಿಮ್ನಿಯನ್ನೇ ನೋಡಿ. ಕಂಪನಿ ಅದರ ಟಾಪಿಗೆ ಹೇಳುವ ಮಿತಿ 30 ಕೆಜಿ. ಈಗ ಲೆಕ್ಕ ಮಾಡುವ. ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕಬ್ಬಿಣದ ಕ್ಯಾರಿಯರ್. ಸುತ್ತ ಎರಡು ಸಾಲು ಅಂಚು, ಏಳು ಅಡ್ಡಪಟ್ಟಿ, ನಡುವೆ ಸಣ್ಣ ಸಣ್ಣ ಕಂಬ. ಎಲ್ಲ ಸೇರಿ ಸುಮಾರು 21 ಮೀಟರ್ ಪೈಪು ಬೇಕು. 25 ಮಿಲಿಮೀಟರಿನ ಸ್ಕ್ವೇರ್ ಪೈಪು 1.6 ಮಿಲಿಮೀಟರ್ ದಪ್ಪದ್ದಾದರೆ ಮೀಟರಿಗೆ 1.2 ಕೆಜಿ ಹತ್ತಿರ ತೂಗುತ್ತದೆ. ಪೈಪೇ 25 ಕೆಜಿ ಆಯಿತು. ಕ್ಲಾಂಪು, ಕಾಲು, ನಟ್ಟು ಬೋಲ್ಟು ಸೇರಿದರೆ 30. ಇನ್ನು ಅದರ ಮೇಲೆ ಒಂದು ಕೊಡೆ ಇಟ್ಟರೂ ಜಾಸ್ತಿಯೇ!

"ನಮ್ಮವನು 80 ಕೆಜಿ ಇಟ್ಟು ಓಡಿಸುತ್ತಾನೆ, ಏನೂ ಆಗಲಿಲ್ಲ" ಎನ್ನುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಟಾಪಿನ ತಗಡು ಒಂದೇ ದಿನದಲ್ಲಿ ಕುಸಿಯುವುದಿಲ್ಲ, ನಿಜ. ಕಂಬಗಳ ಬುಡದಲ್ಲಿ, ಟಾಪಿನ ಅಂಚಿನಲ್ಲಿ ಮಳೆನೀರು ಹರಿಯುವ ಗಟರಿನ ಬೆಸುಗೆಯಲ್ಲಿ ಸಣ್ಣ ಗೆರೆಯ ಹಾಗೆ ಬಿರುಕು ಶುರುವಾಗುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಅಲ್ಲಿಂದ ತುಕ್ಕಿನ ನೀರು ಇಳಿಯುವಾಗ ಕಣ್ಣಿಗೆ ಬೀಳುತ್ತದೆ.

ಪುಸ್ತಕದಲ್ಲಿ ಅಂಕಿಯೇ ಇಲ್ಲದಿದ್ದರೆ? ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕೇಳಿ. ಅಲ್ಲಿಯೂ ಸಿಗದಿದ್ದರೆ ಟಾಪು ಹೊರೆಗೆಂದು ಮಾಡಿದ್ದಲ್ಲ ಎಂದೇ ತಿಳಿದುಕೊಳ್ಳಿ.

ಪುಸ್ತಕದ ಅಷ್ಟೂ ತೂಕವನ್ನು ಗುಡ್ಡೆ ದಾರಿಯಲ್ಲಿ ಇಡಬಹುದಾ?

ಇಲ್ಲ. ಆ ಅಂಕಿ ಸಾಮಾನ್ಯವಾಗಿ ಡಾಮರು ರಸ್ತೆಗೆ ಹೇಳಿದ್ದು. ಗುಂಡಿಗೆ ಬಿದ್ದು ಎದ್ದಾಗ ಮೇಲಿರುವ 50 ಕೆಜಿ ಆ ಒಂದು ಕ್ಷಣಕ್ಕೆ ಎರಡು, ಮೂರು ಪಟ್ಟು ತೂಗುತ್ತದೆ. ಅದಕ್ಕೇ ಕ್ಯಾರಿಯರ್ ತಯಾರಿಸುವ ಕೆಲವು ಕಂಪನಿಗಳು ಕಚ್ಚಾ ದಾರಿಗೆ ಆ ಅಂಕಿಯನ್ನು ಒಂದೂವರೆಯಿಂದ ಭಾಗಿಸಿ ಎನ್ನುತ್ತವೆ. ರಸ್ತೆಯಲ್ಲಿ 75 ಕೆಜಿ ಇದ್ದರೆ ಗುಡ್ಡೆಯಲ್ಲಿ 50.

ತೂಕಕ್ಕಿಂತ ನನಗೆ ಹೆದರಿಕೆ ಇಳಿಜಾರಿನದ್ದು. ನೇರ ಏರು, ನೇರ ಇಳಿತಕ್ಕೆ ಅಷ್ಟು ಹೆದರಬೇಕಾಗಿಲ್ಲ. ಗಾಡಿ ಒಂದು ಬದಿಗೆ ವಾಲುವ ಇಳಿಜಾರು ಇದೆಯಲ್ಲ, ಅದು. ತೋಟಕ್ಕೆ ಇಳಿಯುವ ದಾರಿಯಲ್ಲಿ ಮಳೆನೀರು ಕೊರೆದು ಒಂದು ಚಕ್ರದ ಕಡೆ ತಗ್ಗಾಗಿರುತ್ತದೆ. ಸಣ್ಣ ಜೀಪಿನ ಎಡ ಬಲ ಚಕ್ರಗಳ ನಡುವೆ ಸುಮಾರು 1.4 ಮೀಟರ್ ಅಂತರ. ನಡುವಿನಿಂದ ಒಂದು ಕಡೆಗೆ 70 ಸೆಂಟಿಮೀಟರ್. ಟಾಪಿನ ಮೇಲಿನ ಹೊರೆ ನೆಲದಿಂದ 1.9 ಮೀಟರ್ ಎತ್ತರದಲ್ಲಿ ಇದೆ ಎನ್ನುವ. ಗಾಡಿ 20 ಡಿಗ್ರಿ ವಾಲಿದರೆ ಆ ಹೊರೆಯ ಭಾರ ಸರಿಯಾಗಿ ಕೆಳಗಿನ ಚಕ್ರದ ಮೇಲೆಯೇ ಬೀಳುತ್ತದೆ. ಅದಕ್ಕಿಂತ ಒಂದು ಚೂರು ಜಾಸ್ತಿ ವಾಲಿದರೆ ಹೊರೆ ಗಾಡಿಯನ್ನು ಮಗುಚುವ ಕಡೆಗೇ ಎಳೆಯುತ್ತದೆ. ಹೊರೆ ಇಲ್ಲದ ಗಾಡಿ ಅದೇ ಜಾಗದಲ್ಲಿ ಆರಾಮವಾಗಿ ದಾಟುತ್ತದೆ. ಇಂಜಿನ್, ಗೇರ್ ಬಾಕ್ಸ್, ಚಾಸಿ ಎಲ್ಲ ಕೆಳಗೇ ಇರುತ್ತದಲ್ಲ.

ನನಗೆ ಇದು ಲೆಕ್ಕದಿಂದ ಗೊತ್ತಾದದ್ದಲ್ಲ. ಒಂದು ಆಷಾಢದಲ್ಲಿ, ನಮ್ಮ ತೋಟದ ದಾರಿಯಲ್ಲೇ, ಮೇಲೆ ನಾಲ್ಕು ಗೋಣಿ ಗೊಬ್ಬರ. ಮೇಲ್ಬದಿಯ ಹಿಂದಿನ ಚಕ್ರ ನೆಲ ಬಿಟ್ಟು ತಿರುಗುತ್ತಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ಮೆಲ್ಲ ಇಳಿದು ಮುಂಡು ಮೇಲೆ ಕಟ್ಟಿ ಒಂದೊಂದೇ ಗೋಣಿ ಇಳಿಸಿದೆ. ಗಾಡಿ ತಾನಾಗಿಯೇ ಕೂತಿತು. ಗೊಬ್ಬರ ತಲೆಹೊರೆಯಲ್ಲೇ ಮನೆಗೆ ಬಂತು.

ಭಾರದ್ದು ಒಳಗೆ, ನೆಲದ ಹತ್ತಿರ. ದೊಡ್ಡದು, ಆದರೆ ಹಗುರ, ಅದು ಮೇಲೆ. ನೀರಿನ ಕ್ಯಾನು, ಜಾಕಿ, ಸರಪಳಿ, ಟೂಲ್ ಬಾಕ್ಸ್ ಮೇಲೆ ಇಡಬೇಡಿ. 20 ಲೀಟರ್ ನೀರು ಎಂದರೆ ಕ್ಯಾನು ಬಿಟ್ಟು 20 ಕೆಜಿ. ಡೀಸೆಲ್ ಆದರೆ 17ರ ಹತ್ತಿರ. ಡೀಸೆಲ್, ಪೆಟ್ರೋಲು ಬಿಸಿಲಿಗೆ ಟಾಪಿನ ಮೇಲೆ ಕಾಯಿಸಿಕೊಂಡು ಹೋಗುವುದು ಬೇರೆಯೇ ಹುಚ್ಚು.

ನನ್ನ ಗಾಡಿಗೆ ಯಾವ ತರದ್ದು ಕೂರುತ್ತದೆ?

ಬಾಗಿಲಿನ ಮೇಲೆ, ಟಾಪಿನ ಅಂಚಿನಲ್ಲಿ ಬೆರಳು ಆಡಿಸಿ ನೋಡಿ. ಮಳೆನೀರು ಹರಿಯುವ ಸಣ್ಣ ಕಬ್ಬಿಣದ ದೋಣಿ ಸಿಕ್ಕಿದರೆ ಅದು ಗಟರ್. ನಿಮ್ಮ ಅದೃಷ್ಟ ಒಳ್ಳೆಯದು. ಕ್ಲಾಂಪು ಅದನ್ನೇ ಕಚ್ಚಿ ಹಿಡಿಯುತ್ತದೆ, ತೂತು ಕೊರೆಯುವುದು ಬೇಡ. ಹಳೆಯ ಬೊಲೆರೊ, ಟ್ಯಾಕ್ಸಿ ಜೀಪುಗಳ ಕ್ಯಾರಿಯರ್ ಎಲ್ಲ ಹೀಗೆಯೇ. ಜಿಮ್ನಿಗೂ ಗಟರ್ ಇದೆ. ನಾಲ್ಕು ಕಾಲಿಗಿಂತ ಆರು ಕಾಲು ವಾಸಿ. ಭಾರ ಹಂಚಿಹೋಗುತ್ತದೆ.

ಗಟರಿಗೆ ಕಚ್ಚುವ ಕ್ಲಾಂಪಿನ ಅಡಿಗೆ ತೆಳುವಾದ ರಬ್ಬರ್ ಬೇಕು. ಹಳೆಯ ಟಯರಿನ ಟ್ಯೂಬ್ ಕತ್ತರಿಸಿ ಹಾಕಿದರೂ ನಡೆಯುತ್ತದೆ. ರಬ್ಬರ್ ಇಲ್ಲದಿದ್ದರೆ ಪೇಯಿಂಟು ಸವೆದು ಅಲ್ಲಿಂದಲೇ ತುಕ್ಕು.

ಹೆಚ್ಚಿನ ಹೊಸ ಗಾಡಿಗಳಲ್ಲಿ ಗಟರ್ ಇರುವುದಿಲ್ಲ. ಕೆಲವಕ್ಕೆ ಕಂಪನಿಯೇ ಬೋಲ್ಟಿನ ಜಾಗ ಕೊಟ್ಟಿರುತ್ತದೆ, ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿ. ಅದನ್ನೇ ಬಳಸಿ. ಕೆಲವಕ್ಕೆ ಉದ್ದಕ್ಕೆ ರೂಫ್ ರೈಲ್ ಇರುತ್ತದೆ. ಅದರಲ್ಲೂ ಚಂದಕ್ಕೆ ಅಂಟಿಸಿದ್ದು ಬೇರೆ, ಭಾರ ಹೊರುವುದು ಬೇರೆ. ಕೇಳಿ ತಿಳಿದುಕೊಳ್ಳದೆ ಅದಕ್ಕೆ ಬಳ್ಳಿ (ಹಗ್ಗ) ಕಟ್ಟಬೇಡಿ.

ಮೂರು ಬಾಗಿಲಿನ ಥಾರಿನ ಹಾರ್ಡ್ ಟಾಪ್ ಫೈಬರಿನದ್ದು. ತಟ್ಟಿ ನೋಡಿದರೆ ಶಬ್ದದಲ್ಲೇ ಗೊತ್ತಾಗುತ್ತದೆ. ಅದಕ್ಕೆ ನೇರ ಬೋಲ್ಟು ಹಾಕಿ ಹೊರೆ ಇಟ್ಟರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ಭಾರವನ್ನು ಫೈಬರಿಗೆ ಕೊಡದೆ ಬಾಡಿಗೆ ಅಥವಾ ಒಳಗಿನ ರೋಲ್ ಕೇಜಿಗೆ ಇಳಿಸುವ ತರದ ಕ್ಯಾರಿಯರ್ ಮಾತ್ರ ನೋಡಿ.

ಕಮಾಂಡರ್, ಮೇಜರ್ ತರದ ಹಳೆಯ ಜೀಪಿಗೆ ಟರ್ಪಾಲಿನ ಹುಡ್ ಇದ್ದರೆ ಕತೆಯೇ ಬೇರೆ. ಹುಡ್ಡಿನ ಕಂಬಿ ಬಟ್ಟೆಯನ್ನು ಹಿಡಿಯಲು ಮಾತ್ರ. ಮುಂದಿನ ಗಾಜಿನ ಫ್ರೇಮು ಮಡಚುವಂಥದ್ದು, ಅದಕ್ಕೂ ಭಾರ ಕೊಡಬಾರದು. ಬಾಡಿಯಿಂದಲೇ ಕಾಲು ಎಬ್ಬಿಸಿ ಮೇಲೆ ಚೌಕಟ್ಟು ಕಟ್ಟಬೇಕು. ಅದು ಕ್ಯಾರಿಯರ್ ಅಲ್ಲ, ಒಂದು ಚಪ್ಪರ. ಅಷ್ಟು ಕಬ್ಬಿಣ ಹಾಕುವ ಬದಲು ಸಣ್ಣ ಟ್ರೇಲರ್ ಅಥವಾ ಪಕ್ಕದ ಮನೆಯ ಪಿಕಪ್ಪು ವಾಸಿ ಎಂಬುದು ನನ್ನ ಅಭಿಪ್ರಾಯ.

ಫೋರ್ಸ್ ಗೂರ್ಖಾದವರಿಗೆ ಕ್ಯಾರಿಯರ್ ಕಂಪನಿಯ ಆಕ್ಸೆಸರಿಯಾಗಿಯೇ ಸಿಗುತ್ತದೆ. ಮತ್ತೆ ಹೊರಗೆ ಮಾಡಿಸುವ ಚಪಲ ಯಾಕೆ?

ಟಾಪಿಗೆ ತೂತು ಕೊರೆದು ಬೋಲ್ಟು ಹಾಕಿದರೆ ಗಟ್ಟಿ ಅಲ್ವಾ?

ಗಟ್ಟಿ ಹೌದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ ಎಂಬುದನ್ನೂ ನೆನಪಿಡಿ. ನನ್ನ ಎರಡನೆಯ ತಪ್ಪು ಇದೇ. ಆರು ತೂತು, ಸುತ್ತ ಸಿಲಿಕಾನ್. ಎರಡನೇ ಮಳೆಗಾಲಕ್ಕೆ ಅತ್ತೆ ಕೂರುವ ಸೀಟಿನ ಸರಿಯಾಗಿ ಮೇಲೆ ನೀರು ತೊಟ್ಟಿಕ್ಕಲು ಶುರುವಾಯಿತು. ಅವರು ಏನೂ ಹೇಳಲಿಲ್ಲ. ಮುಂದಿನ ಸಲ ಹೊರಡುವಾಗ ಒಳಗೆ ಕೂತು ಕೊಡೆ ಬಿಡಿಸಿದರು.

ಸೋರುವುದು ದೊಡ್ಡದಲ್ಲ. ಈಗಿನ ಗಾಡಿಗಳಲ್ಲಿ ಬದಿಯ ಕರ್ಟನ್ ಏರ್‌ಬ್ಯಾಗ್ ಟಾಪಿನ ಅಂಚಿನ ಒಳಗೇ ಮಡಚಿ ಕೂತಿರುತ್ತದೆ. ಡ್ರಿಲ್ ಅಲ್ಲಿಗೆ ಹೋದರೆ ಏನಾದೀತು ಎಂದು ನೀವೇ ಯೋಚಿಸಿ. ವಾರಂಟಿಯ ಕತೆಯೂ ಅಲ್ಲಿಗೆ ಮುಗಿಯುತ್ತದೆ.

ಕಬ್ಬಿಣವೋ, ಅಲ್ಯೂಮಿನಿಯಮ್ಮೋ, ಸ್ಟೀಲೋ?

ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದು ಪಾಲು ತೂಕ. ಅಷ್ಟೇ ಗಟ್ಟಿ ಬೇಕಾದರೆ ಪೈಪು ದಪ್ಪ ಹಾಕಬೇಕು. ಆದರೂ ಕಬ್ಬಿಣದ್ದು 30 ಕೆಜಿ ಇರುವಲ್ಲಿ ಇದು 12ರಿಂದ 15ಕ್ಕೆ ಮುಗಿಯುತ್ತದೆ. ತುಕ್ಕು ಹಿಡಿಯುವುದಿಲ್ಲ. ಬೆಲೆ ಜಾಸ್ತಿ. ಇನ್ನೊಂದು ತೊಂದರೆ, ಬಿರುಕು ಬಿಟ್ಟರೆ ನಮ್ಮ ಊರಿನ ಸಾಮಾನ್ಯ ವೆಲ್ಡಿಂಗಿನಲ್ಲಿ ಕೂಡಿಸಲು ಆಗುವುದಿಲ್ಲ. ಅದಕ್ಕೆ ಆರ್ಗನ್ ವೆಲ್ಡಿಂಗ್ ಬೇಕು. ಕಾಸರಗೋಡಿಗೋ ಮಂಗಳೂರಿಗೋ ಹೊತ್ತುಕೊಂಡು ಹೋಗಬೇಕಾದೀತು.

ಕಬ್ಬಿಣ ಅಗ್ಗ, ಎಲ್ಲಿಯೂ ರಿಪೇರಿ ಆಗುತ್ತದೆ. ಆದರೆ ನಮ್ಮ ಮಳೆಗೆ ತುಕ್ಕು ಗ್ಯಾರಂಟಿ. ಸತು ಲೇಪಿಸಿದ ಜಿಐ ಪೈಪು ತುಕ್ಕನ್ನು ತಡೆಯುತ್ತದೆ, ವೆಲ್ಡ್ ಮಾಡಿದ ಜಾಗ ಬಿಟ್ಟು. ಅಲ್ಲಿ ಸತುವಿನ ಪದರ ಸುಟ್ಟುಹೋಗಿರುತ್ತದೆ. ಉಜ್ಜಿ, ಜಿಂಕ್ ಪೇಯಿಂಟು ಹಚ್ಚಿಸಲೇಬೇಕು.

ಸ್ಟೇನ್‌ಲೆಸ್ ಸ್ಟೀಲು ಎಂದರೆ ಎಲ್ಲವೂ ಒಂದೇ ಅಲ್ಲ. 304 ಎಂಬ ನಂಬರಿನದ್ದು ಒಳ್ಳೆಯದು. ಅಗ್ಗಕ್ಕೆ ಸಿಗುವ 202 ಕುಂಬಳೆ, ಉಪ್ಪಳ, ಮಂಜೇಶ್ವರದ ಉಪ್ಪುಗಾಳಿಗೆ ಕಂದು ಚುಕ್ಕೆ ಬಿಡುತ್ತದೆ. ತೂಕ ಮಾತ್ರ ಕಬ್ಬಿಣದಷ್ಟೇ, ಇದನ್ನು ಮರೆಯಬೇಡಿ.

ಕಡಲ ಬದಿಯವರಿಗೆ ಇನ್ನೊಂದು ಮಾತು. ಅಲ್ಯೂಮಿನಿಯಂ ಕ್ಯಾರಿಯರಿಗೆ ಸ್ಟೀಲ್ ಬೋಲ್ಟು ನೇರ ತಾಗಿದರೆ, ನಡುವೆ ಉಪ್ಪುನೀರು ಸೇರಿದರೆ, ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಉದುರುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ, ಬೋಲ್ಟಿಗೆ ಗ್ರೀಸ್ ಹಚ್ಚಿ.

ಸಣ್ಣ ಗಾಡಿಗೆ ಅಲ್ಯೂಮಿನಿಯಂ. ಗಟ್ಟಿ ಟಾಪಿನ ಹಳೆಯ ಬೊಲೆರೊ ಆದರೆ ಜಿಐ ಸಾಕು. ನಾನಾದರೆ ಹಾಗೆ ಮಾಡುತ್ತೇನೆ.

ವೆಲ್ಡಿಂಗಿನವರ ಹತ್ತಿರ ಮಾಡಿಸುವಾಗ ಏನು ಹೇಳಬೇಕು?

ಮೊದಲು ಹೇಳಬೇಕಾದ್ದು: "ಅಣ್ಣ, ಗೇಟು ಮಾಡುವುದು ಬೇಡ." ಅವರಿಗೆ ಗಟ್ಟಿ ಎಂದರೆ ದಪ್ಪ. ಗೇಟಿನ ಪೈಪನ್ನೇ ತಂದು ಕ್ಯಾರಿಯರ್ ಮಾಡಿ, "ಆನೆ ಕೂತರೂ ಏನಾಗುವುದಿಲ್ಲ" ಎನ್ನುತ್ತಾರೆ. ಆನೆ ಕೂರುವುದು ಕ್ಯಾರಿಯರಿನ ಮೇಲೆ, ಕ್ಯಾರಿಯರ್ ಕೂರುವುದು ಟಾಪಿನ ಮೇಲೆ! ಪೈಪಿನ ದಪ್ಪವನ್ನು ನೀವೇ ಹೇಳಿ. ಮುಗಿದ ಮೇಲೆ ಗಾಡಿಗೆ ಕಟ್ಟುವ ಮುಂಚೆ ತಕ್ಕಡಿಗೆ ಹಾಕಿಸಿ.

ಪೈಪಿನ ತುದಿಗಳನ್ನೆಲ್ಲ ಮುಚ್ಚಿಸಿ. ಅಡಿಭಾಗದಲ್ಲಿ ಒಂದೆರಡು ಸಣ್ಣ ತೂತು ಬಿಡಿಸಿ, ಒಳಗೆ ಸೇರಿದ ನೀರು ಇಳಿಯಲಿ. ಒಳಗಿನಿಂದ ಬರುವ ತುಕ್ಕು ಹೊರಗೆ ಕಾಣುವಾಗ ಪೈಪು ಮುಗಿದಿರುತ್ತದೆ. ಮೂಲೆಗಳಲ್ಲಿ ಚೂಪು ಉಳಿಯಬಾರದು. ಬಳ್ಳಿ ಕಟ್ಟಲು ಬೇಕಾದಷ್ಟು ಕೊಕ್ಕೆ ಇರಲಿ. ಇದನ್ನು ಎಲ್ಲರೂ ಮರೆಯುತ್ತಾರೆ.

ಕ್ಯಾರಿಯರನ್ನು ಗಾಡಿಯ ಮೇಲೆ ಇಟ್ಟುಕೊಂಡೇ ವೆಲ್ಡ್ ಮಾಡಲು ಬಿಡಬೇಡಿ. ಕಿಡಿ ಗಾಜಿಗೆ ಬಿದ್ದರೆ ಕಲೆ ಹೋಗುವುದಿಲ್ಲ. ಗಾಡಿಯ ಇಲೆಕ್ಟ್ರಾನಿಕ್ಸ್ ಕೂಡ ಕೆಡಬಹುದು. ಅನಿವಾರ್ಯವಾಗಿ ಮಾಡುವುದಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗಾಜಿಗೆ ಒದ್ದೆ ಗೋಣಿ ಹೊದೆಸಿ.

ಕಟ್ಟಿ ಮುಗಿದ ಮೇಲೆ ಎರಡೂ ಕೈಯಲ್ಲಿ ಕ್ಯಾರಿಯರ್ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಜೀಪು ಸ್ಪ್ರಿಂಗಿನ ಮೇಲೆ ಅಲ್ಲಾಡಬೇಕು. ಕ್ಯಾರಿಯರ್ ಮಾತ್ರ ಅಲ್ಲಾಡಿದರೆ ದುಡ್ಡು ಕೊಡಬೇಡಿ. 50 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಹಾಕಿಸಿದರೆ ಕುಲುಕಾಟಕ್ಕೆ ಬೇಗ ಸಡಿಲುವುದಿಲ್ಲ.

ಸುತ್ತ ಅಂಚು ಇರುವ ಬುಟ್ಟಿಯಂಥದ್ದೋ, ಚಪ್ಪಟೆಯದ್ದೋ?

ಚೀಟಿ ನೋಡಿ. ಬ್ಯಾಗು, ಹಾಸಿಗೆ, ಬುಟ್ಟಿ ಜಾಸ್ತಿ ಇದ್ದರೆ ಅಂಚು ಬೇಕು. ಏಣಿ, ಪೈಪು, ಹಲಗೆ ಆದರೆ ಚಪ್ಪಟೆಯದ್ದು ಅಥವಾ ಸುಮ್ನೆ ಎರಡು ಅಡ್ಡಪಟ್ಟಿ ಸಾಕು. ಹೆಚ್ಚಿನ ಜನರಿಗೆ ಎರಡು ಅಡ್ಡಪಟ್ಟಿಯೇ ಸಾಕು. ಹೇಳಿದರೆ ಯಾರೂ ನಂಬುವುದಿಲ್ಲ.

ದೋಟಿ, ಬೋರ್ಡೋ ಸಾಮಾನು ಕೊಂಡುಹೋಗಲು?

ನಮ್ಮ ಕಡೆ ಈಗ ಕ್ಯಾರಿಯರ್ ಹಾಕಿಸುವವರಲ್ಲಿ ಅರ್ಧ ಜನರ ಕಾರಣ ಇದು. ಬೋರ್ಡೋ ಎಂದರೆ ಸುಣ್ಣ, ಮೈಲುತುತ್ತು (ತಾಮ್ರದ ಸಲ್ಫೇಟು) ನೀರಿಗೆ ಕಲಸಿ ಅಡಿಕೆಗೆ ಸಿಂಪಡಿಸುವ ಮದ್ದು. ಕಾರ್ಬನ್ ಫೈಬರ್ ದೋಟಿ ಮಡಚಿದರೂ ಉದ್ದ, ಗಾಡಿಯ ಒಳಗೆ ಅಡ್ಡಾದಿಡ್ಡಿ ಕೂರುತ್ತದೆ. ಮೇಲೆ ಇಡುವುದು ಸರಿ. ಆದರೆ ನೇರ ಕಬ್ಬಿಣಕ್ಕೆ ಒತ್ತಿ ಕಟ್ಟಬೇಡಿ. ಕುಲುಕಿ ಕುಲುಕಿ ಉಜ್ಜಿದ ಜಾಗದಲ್ಲಿ ಗೀರು ಬಿದ್ದು, ಆಮೇಲೆ ಮರದ ಬುಡದಲ್ಲಿ ಎತ್ತಿ ಹಿಡಿದಾಗ ಅಲ್ಲೇ ತುಂಡಾಗುತ್ತದೆ. ಆರು ಇಂಚಿನ ಪಿವಿಸಿ ಪೈಪೊಂದನ್ನು ಕ್ಯಾರಿಯರಿನ ಬದಿಗೆ ಉದ್ದಕ್ಕೆ ಕ್ಲಾಂಪು ಮಾಡಿ, ಎರಡೂ ಕಡೆ ಮುಚ್ಚಳ ಹಾಕಿ, ದೋಟಿಯನ್ನು ಅದರೊಳಗೆ ತೂರಿಸಿ. ಮಳೆಯೂ ತಾಗುವುದಿಲ್ಲ.

ಇನ್ನೊಂದು, ಇದು ತಮಾಷೆಯ ಮಾತಲ್ಲ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಕರೆಂಟಿನ ಲೈನಿನ ಅಡಿಯಲ್ಲಿ ಗಾಡಿ ನಿಲ್ಲಿಸಿ, ಟಾಪಿನ ಮೇಲೆ ಹತ್ತಿ ನಿಂತು ದೋಟಿ ಇಳಿಸಬೇಡಿ. ನೆಲದಿಂದ ಒಂದಾಳು ಎತ್ತರ ಮೇಲಿದ್ದೀರಿ ಎಂಬುದು ಆ ಹೊತ್ತಿಗೆ ಮರೆತುಹೋಗುತ್ತದೆ.

ಬೋರ್ಡೋ ಡ್ರಮ್ಮು ಮೇಲೆ ಬೇಡವೇ ಬೇಡ. 100 ಲೀಟರ್ ಎಂದರೆ 100 ಕೆಜಿ, ಅದೂ ಅತ್ತಿತ್ತ ಓಲಾಡುವ 100 ಕೆಜಿ. ಸುಣ್ಣ, ಮೈಲುತುತ್ತು ಬೇರೆ ಬೇರೆ ಕೊಂಡುಹೋಗಿ ತೋಟದಲ್ಲೇ ನೀರಿಗೆ ಕಲಸಿ. ಮೈಲುತುತ್ತಿನ ಚೀಲ ಮೇಲೆ ಇಟ್ಟು, ಅದು ಮಳೆಗೆ ಒದ್ದೆಯಾಗಿ ನೀಲಿ ನೀರು ಇಳಿದರೆ ಕ್ಯಾರಿಯರ್ ಹಾಳು. ಮೈಲುತುತ್ತಿನ ನೀರು ಕಬ್ಬಿಣವನ್ನೂ, ಜಿಐಯ ಸತುವನ್ನೂ, ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ನಮ್ಮ ಹಿರಿಯರು ಅದನ್ನು ಕಬ್ಬಿಣದ ಪಾತ್ರೆಗೆ ಹಾಕಬೇಡಿ ಎನ್ನುತ್ತಿದ್ದದ್ದು ಇದಕ್ಕೇ. ಸಿಂಪಡಿಸುವ ಪೈಪಿನ ಸುರುಳಿಯನ್ನೂ ತೊಳೆದೇ ಮೇಲೆ ಹಾಕಿ.

ಯಾವ ಬಳ್ಳಿಯಲ್ಲಿ ಕಟ್ಟಬೇಕು?

ನೈಲಾನ್ ಬಳ್ಳಿ ಒದ್ದೆಯಾದರೆ ಹಿಗ್ಗುತ್ತದೆ. ಮನೆಯಲ್ಲಿ ಬಿಗಿಯಾಗಿ ಕಟ್ಟಿದ್ದು ಚೆರ್ಕಳಕ್ಕೆ ಮುಟ್ಟುವಾಗ ಸಡಿಲ. ಹಿಡಿ ಆಡಿಸಿ ಬಿಗಿ ಮಾಡುವ ಪಾಲಿಯೆಸ್ಟರಿನ ರಾಚೆಟ್ ಬೆಲ್ಟು ಅಷ್ಟು ಹಿಗ್ಗುವುದಿಲ್ಲ. ಎರಡು ಜೊತೆ ತೆಗೆದಿಟ್ಟುಕೊಳ್ಳಿ. ಚಪ್ಪಟೆ ಬೆಲ್ಟನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಭರ್ರೆಂದು ಹಾಡುವುದಿಲ್ಲ. ಕೊಕ್ಕೆ ಇರುವ ರಬ್ಬರ್ ಬಳ್ಳಿ ಟರ್ಪಾಲು ಹಾರದಂತೆ ಹಿಡಿಯಲು ಮಾತ್ರ. ಅದನ್ನೇ ನಂಬಿ ಸಾಮಾನು ಕಟ್ಟಬೇಡಿ.

ಬೆಲ್ಟಿನ ಜೊತೆ ಮುಂದಕ್ಕೆ ಒಂದು, ಹಿಂದಕ್ಕೆ ಒಂದು ಬಳ್ಳಿ ಕೊಡಿ. ಗಕ್ಕನೆ ಬ್ರೇಕು ಹಾಕಿದಾಗ ಏಣಿ ಬಾಣದ ಹಾಗೆ ಮುಂದಕ್ಕೆ ಹೋಗುತ್ತದೆ. ಮೇಲಿಂದ ಒತ್ತಿ ಕಟ್ಟಿದ ಬೆಲ್ಟು ಅದನ್ನು ತಡೆಯುವುದಿಲ್ಲ.

ಖಾಲಿ ನೀರಿನ ಟ್ಯಾಂಕಿ ಮೇಲೆ ತರಬಹುದಾ? ಹಗುರ ತಾನೇ?

ಹಗುರ ಎಂಬುದೇ ತೊಂದರೆ. ಹೊಸ ಹೆದ್ದಾರಿಯಲ್ಲಿ 80ರಲ್ಲಿ ಹೋಗುವಾಗ ಖಾಲಿ ಟ್ಯಾಂಕಿ ಹಾಯಿಪಟದಂತೆ ಗಾಳಿ ಹಿಡಿಯುತ್ತದೆ. ಮಲಗಿಸಿ, ಬಾಯಿ ಹಿಂದಕ್ಕೆ ಮಾಡಿ, ಮುಚ್ಚಳ ಬೇರೆ ತೆಗೆದು ಒಳಗಿಡಿ. ಎರಡು ಬೆಲ್ಟು ಅಡ್ಡಕ್ಕೆ, ಎರಡು ಉದ್ದಕ್ಕೆ. 40ರ ಮೇಲೆ ಹೋಗಬೇಡಿ. ಹಾಳೆ ತಟ್ಟೆಯ ಕಟ್ಟು, ಥರ್ಮೋಕೋಲ್, ಹಾಸಿಗೆ ಎಲ್ಲದಕ್ಕೂ ಇದೇ.

ಪೊಲೀಸರು, ಆರ್‌ಟಿಒ ಹಿಡಿದರೆ?

ಕೇರಳದಲ್ಲಿ ಗಾಡಿಯ ಮಾರ್ಪಾಡಿನ ವಿಷಯದಲ್ಲಿ ತಪಾಸಣೆ ಬಿಗಿ. ಗಡಿ ದಾಟಿ ಕರ್ನಾಟಕದ ಜಾಲ್ಸೂರಿನ ಕಡೆ ಓಡಾಡುವವರಿಗೆ ಈ ವ್ಯತ್ಯಾಸ ಗೊತ್ತು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು.

ಹಾಗಾದರೆ ಕ್ಯಾರಿಯರ್ ಹಾಕಲೇಬಾರದಾ? ಸ್ಪ್ಯಾನರಿನಲ್ಲಿ ಬಿಚ್ಚಿ ತೆಗೆಯುವ ಕ್ಯಾರಿಯರ್ ಬೇರೆ, ಬಾಡಿಗೆ ವೆಲ್ಡ್ ಮಾಡಿ ಕೂರಿಸಿದ್ದು ಬೇರೆ. ಎರಡನೆಯದನ್ನು ಮಾಡಿಸಲೇಬೇಡಿ. ಕಂಪನಿಯ ಆಕ್ಸೆಸರಿ ಆದರೆ ಬಿಲ್ಲನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ. ಹೊರಗೆ ಮಾಡಿಸುವುದಾದರೆ ದುಡ್ಡು ಹಾಕುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಕೆಎಲ್ 14ರವರು ಕಾಸರಗೋಡಿನಲ್ಲಿ, 60ರವರು ಕಾಞಂಗಾಡಿನಲ್ಲಿ, 79ರವರು ವೆಳ್ಳರಿಕುಂಡಿನಲ್ಲಿ. ಇನ್ಶೂರೆನ್ಸಿನವರಿಗೂ ತಿಳಿಸಿ. ನಾಳೆ ಕ್ಲೇಮಿನ ಸಮಯದಲ್ಲಿ "ಇದು ಯಾವಾಗ ಬಂತು?" ಎಂದು ಕೇಳಿಸಿಕೊಳ್ಳುವುದು ಬೇಡ.

ಸಾಮಾನು ಬದಿಗೆ, ಮುಂದೆ, ಹಿಂದೆ ಚಾಚಿಕೊಂಡರೆ ಅದಕ್ಕೆ ಬೇರೆ ದಂಡ. 2019ರ ತಿದ್ದುಪಡಿಯಲ್ಲಿ ಕಾಯಿದೆ ಹೇಳುವ ಮೊತ್ತ 20,000 ರೂಪಾಯಿ. ಉದ್ದದ ಪೈಪಿನ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಮಾಫಿ ಸಿಗುತ್ತದೆ ಎಂದು ಎಣಿಸಬೇಡಿ.

ಮೇಲೆ ಜನ ಕೂರಬಹುದಾ? ಸ್ವಲ್ಪ ದೂರಕ್ಕೆ?

ಇಲ್ಲ. ಅದೇ ಕಾಯಿದೆಯ 123ನೇ ಸೆಕ್ಷನ್. ಪೊಸಡಿ ಗುಂಪೆ ಗುಡ್ಡದ ಬುಡದವರೆಗೆ ಎಂದರೂ ಇಲ್ಲ.

ಕ್ಯಾರಿಯರಿನ ಮುಂದೆ ಎಲ್‌ಇಡಿ ಪಟ್ಟಿ ಲೈಟು?

ಎದುರಿನವರ ಕಣ್ಣು ಕುಕ್ಕುತ್ತದೆ, ದಂಡವೂ ಬೀಳುತ್ತದೆ. ಮಂಜಿನಲ್ಲಿ ಅದರಿಂದ ಉಪಯೋಗವೂ ಇಲ್ಲ. ಪಾಣತ್ತೂರಿನಿಂದ ಮೇಲೆ ಭಾಗಮಂಡಲದ ದಾರಿಯಲ್ಲಿ ಮಂಜು ಕವಿದಾಗ ಎತ್ತರದ ಲೈಟು ಹಾಕಿದರೆ ಬೆಳಕು ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಬಿಳಿ ಗೋಡೆಯ ಎದುರು ಕೂತ ಹಾಗೆ. ಮಂಜಿಗೆ ಬೇಕಾದದ್ದು ಕೆಳಗಿನ ಲೈಟು.

ಟಾಪ್ ಟೆಂಟು ಹಾಕುವ ಆಸೆ ಇದೆ.

ಟೆಂಟಿನ ತೂಕವೇ 50ರಿಂದ 70 ಕೆಜಿ. ಓಡುವಾಗ ಇದು, ನಿಂತಾಗ ಇದರ ಜೊತೆ ಎರಡು ಆಳು. ನಿಂತ ಗಾಡಿಯ ಟಾಪು ಓಡುವಾಗಿನದಕ್ಕಿಂತ ಎಷ್ಟೋ ಜಾಸ್ತಿ ತಾಳುತ್ತದೆ, ಅದು ಸಮಸ್ಯೆಯಲ್ಲ. ಅಲ್ಲಿಗೆ ಮುಟ್ಟುವ ದಾರಿ ಸಮಸ್ಯೆ. 30 ಕೆಜಿ ಮಿತಿಯ ಗಾಡಿಗೆ ಇದರ ಮಾತೇ ಬೇಡ. ನೆಲದ ಟೆಂಟು ನಾಲ್ಕೈದು ಕೆಜಿಗೆ ಸಿಗುತ್ತದೆ. ಜಿಗಣೆಗೆ ಹೆದರುವವರು ಮನೆಯ ಜಗಲಿಯಲ್ಲಿ ಮಲಗುವುದು ಒಳ್ಳೆಯದು.

ಓಡಿಸುವಾಗ ಸಿಳ್ಳೆ ಹೊಡೆದ ಹಾಗೆ ಶಬ್ದ ಬರುತ್ತದೆ. ಮೈಲೇಜೂ ಕಡಿಮೆ.

ಶಬ್ದ ಬರುವುದು ಮುಂದಿನ ಅಡ್ಡಪಟ್ಟಿಯಿಂದ. ಅದಕ್ಕೆ ಒಂದು ಸಣ್ಣ ಬಳ್ಳಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಹಾಗೆ ಓರೆಯಾಗಿ ಸುತ್ತಿ. ಗಾಳಿಯ ಸುಳಿ ಒಡೆದು ಸಿಳ್ಳೆ ನಿಲ್ಲುತ್ತದೆ. ನೋಡಲು ಚಂದ ಇಲ್ಲ, ಆದರೆ ಕೆಲಸ ಮಾಡುತ್ತದೆ.

ಮೈಲೇಜು ಕಡಿಮೆಯಾಗುವುದು ನಿಜ. ಊರ ಒಳಗಿನ ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಹೆದ್ದಾರಿಯ ವೇಗದಲ್ಲಿ ಗೊತ್ತಾಗುತ್ತದೆ.

ಎತ್ತರದ ತೊಂದರೆ ಇದೆಯಾ?

ಇದೆ. ಕ್ಯಾರಿಯರ್ ಹಾಕಿದ ದಿನವೇ ನೆಲದಿಂದ ತುದಿಯವರೆಗೆ ಅಳೆದು, ಅಂಕಿಯನ್ನು ಸ್ಟಿಯರಿಂಗಿನ ಹತ್ತಿರ ಅಂಟಿಸಿ. ಮಂಗಳೂರಿನ ಮಾಲುಗಳ ನೆಲಮಾಳಿಗೆಗೆ ಇಳಿಯುವಾಗ, ಸಣ್ಣ ಅಂಡರ್‌ಪಾಸಿನಲ್ಲಿ ಆ ಅಂಕಿ ಬೇಕಾಗುತ್ತದೆ. ಮನೆ ಮುಂದಿನ ಶೀಟಿನ ಮಾಡನ್ನೂ ಅಳೆಯಿರಿ. ನನ್ನ ಪರಿಚಯದವರೊಬ್ಬರು ಹೊಸ ಕ್ಯಾರಿಯರ್ ಹಾಕಿಸಿ ಖುಷಿಯಲ್ಲಿ ಬಂದು, ನೇರ ಒಳಗೆ ನುಗ್ಗಿ, ಶೀಟನ್ನೇ ಎತ್ತಿ ನಿಲ್ಲಿಸಿದರು. ಹಲಸಿನ ಗೆಲ್ಲು, ತಗ್ಗಿ ನೇತಾಡುವ ಸರ್ವೀಸ್ ವಯರು, ಅಂಗಳಕ್ಕೆ ಕಟ್ಟಿದ ಚಪ್ಪರ ಕೂಡ ಲೆಕ್ಕಕ್ಕೆ ಇರಲಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದಾ?

ಧಾರಾಳವಾಗಿ. ವೆಲ್ಡಿನ ಜಾಗಗಳನ್ನು ಉಗುರಿನಲ್ಲಿ ಕೆರೆದು ನೋಡಿ, ಹೊಸ ಪೇಯಿಂಟಿನ ಅಡಿಯಲ್ಲಿ ಏನಿದೆ ಎಂದು. ಪೈಪನ್ನು ಸ್ಪ್ಯಾನರಿನಿಂದ ತಟ್ಟಿ. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದಿದ್ದರೆ ಬೊದ್ದು ಶಬ್ದ. ಬೇರೆ ಗಾಡಿಯದ್ದಾದರೆ ಕಾಲಿನ ಅಗಲ ಹೊಂದುವುದಿಲ್ಲ. ಎಳೆದು ಬಗ್ಗಿಸಿ ಕೂರಿಸಬೇಡಿ.

ಉಪಯೋಗ ಇಲ್ಲದಾಗ ಬಿಚ್ಚಿಡಬೇಕಾ?

ಬಿಚ್ಚಿಡಿ. ಅದಕ್ಕೇ ಇಬ್ಬರು ಸೇರಿ ಕಾಲು ಗಂಟೆಯಲ್ಲಿ ಬಿಚ್ಚಲು ಆಗುವಂಥದ್ದು ಹಾಕಿಸಿ. ನಾನು ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ಪತ್ತನಾಜೆ ಕಳೆದ ಮೇಲೆ ಒಮ್ಮೆ ಬಿಚ್ಚುತ್ತೇನೆ. ಗಟರು ತೊಳೆದು, ಕ್ಲಾಂಪಿನ ಅಡಿಯ ಕಸರು ತೆಗೆದು, ಪೇಯಿಂಟು ಎದ್ದಲ್ಲಿ ಉಜ್ಜಿ ಹಚ್ಚುತ್ತೇನೆ. ಬೋರ್ಡೋ ಸಿಂಪಡಿಸುವ ಸಮಯಕ್ಕೆ ದೋಟಿ ಕೊಂಡುಹೋಗಲು ಎರಡು ಅಡ್ಡಪಟ್ಟಿ ಮಾತ್ರ ವಾಪಸು ಕಟ್ಟುತ್ತೇನೆ. ದೊಡ್ಡದು ತುಲಾಮಾಸದವರೆಗೆ, ಎಂದರೆ ಅಕ್ಟೋಬರ್ ನಡುವಿನವರೆಗೆ, ಕೊಟ್ಟಿಗೆಯ ಅಟ್ಟದಲ್ಲಿ. ಈ ಸಲ ಇಳಿಸಲು ಹೋದರೆ ಅದರ ಮೇಲೆ ಬೆಕ್ಕು ಮರಿ ಹಾಕಿತ್ತು. ಇನ್ನೂ ಇಳಿಸಿಲ್ಲ.